ಬೂಟಿಗೆ ತಕ್ಕ ಬೈಂಡಿಂಗ್

ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಕೊಡಗು. ಹಿಮವೇ ಬೀಳದ ಆ ಜಿಲ್ಲೆಯ ಭವಾನಿ ತೆಕ್ಕಡ ನಂಜುಂಡ, ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟವರು. ಅವರದು ಕ್ರಾಸ್‌ಕಂಟ್ರಿ ಸ್ಕೀ. ಹಗುರ ಬೂಟಿನ ತುದಿಯ ಲೋಹದ ಸರಳು, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿಗೆ ಸಿಕ್ಕಿಕೊಳ್ಳುತ್ತದೆ, ಹಿಮ್ಮಡಿ ಸದಾ ಮುಕ್ತ.

ಬೆಟ್ಟ ಹತ್ತಿ ಇಳಿಯುವ ಟೂರಿಂಗ್ ಸ್ಕೀಯ ಲೆಕ್ಕವೇ ಬೇರೆ. ಹತ್ತುವಾಗ ಹಿಮ್ಮಡಿ ಏಳಬೇಕು, ಇಳಿಯುವಾಗ ಭದ್ರವಾಗಿ ಕೂರಬೇಕು, ಬಿದ್ದರೆ ಕಾಲು ಮುರಿಯುವ ಮೊದಲೇ ಬೂಟು ಕಳಚಬೇಕು.

1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ಇದಕ್ಕೆ ಕಂಡುಕೊಂಡ ಉಪಾಯ ಬಲು ಸೊಗಸು. ಬೂಟಿನ ಮೂತಿಯ ಎರಡೂ ಪಕ್ಕ ಲೋಹದ ಪುಟ್ಟ ಗುಳಿ. ಬೈಂಡಿಂಗಿನ ಎರಡು ಪಿನ್ನುಗಳು ಇಕ್ಕುಳದಂತೆ ಅವನ್ನು ಹಿಡಿಯುತ್ತವೆ. ಹಿಮ್ಮಡಿಗೆ ಇನ್ನೆರಡು ಪಿನ್ನು. ಬೂಟನ್ನು ಹೊರುವ ಭಾರದ ಚೌಕಟ್ಟೇ ಬೇಡ!

ಗುಳಿಯಿಲ್ಲದ ಬೂಟು ಈ ಪಿನ್ ಬೈಂಡಿಂಗಿನಲ್ಲಿ ಕೂರುವುದೇ ಇಲ್ಲ. ಐಎಸ್ಒ 9523 ಮಾನಕದ, ರಬ್ಬರ್ ಅಡಿಯ ಟೂರಿಂಗ್ ಬೂಟು ಇಳಿಜಾರಿನ ಸ್ಕೀಗೆಂದೇ ಇರುವ ಹಳೆಯ ಆಲ್ಪೈನ್ ಬೈಂಡಿಂಗಿನಲ್ಲಿ ಕೂತಂತೆ ಕಂಡರೂ ಬಿದ್ದಾಗ ಕಳಚದೆ ಕೈಕೊಡಬಹುದು. ಮೊದಲು ಕಾಲಿಗೊಪ್ಪುವ ಬೂಟು ಆರಿಸಿ, ಆಮೇಲೆ ಬೈಂಡಿಂಗ್ ಕೊಳ್ಳಿ. ಬೈಂಡಿಂಗ್ ಕೂರಿಸಲು ಸ್ಕೀಗೆ ತೂತು ಕೊರೆಸುವ ಮುನ್ನ ಬೂಟನ್ನೂ ಅಂಗಡಿಗೆ ಒಯ್ಯಿರಿ.