ಪ್ರಮಾಣಕ್ಕೆ ಚಾಚಿದ ಕೈ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ‘ಸ್ವಾಸ್ಥ್ಯ ಸಂಕಲ್ಪ’ ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಶಾಲೆ-ಕಾಲೇಜುಗಳಲ್ಲಿ ದುಶ್ಚಟಗಳ ಕುರಿತು ತಿಳಿವಳಿಕೆ ನೀಡುವ ಕಾರ್ಯಕ್ರಮ ಅದು. ದೀಪ ಬೆಳಗುವ ಅತಿಥಿಗಳು, ಬಲಗೈ ಮುಂದೆ ಚಾಚಿ ನಿಂತ ಮಕ್ಕಳು. ಫೋಟೊ ಮರುದಿನ ಪತ್ರಿಕೆಯಲ್ಲಿ. ಎಲ್ಲರೂ ಮೆಚ್ಚುತ್ತಾರೆ. ಇದೇ ಸಂಸ್ಥೆಗಳ ಮದ್ಯವರ್ಜನ ಶಿಬಿರದ ಮಾತು ಬಂದರೆ ಮಾತ್ರ ಓದು ಬಲ್ಲವರು ಮೂಗು ಮುರಿಯುತ್ತಾರೆ. ಮೆಚ್ಚುಗೆ, ತಾತ್ಸಾರ ಎರಡೂ ತಪ್ಪು ವಿಳಾಸಕ್ಕೆ ತಲುಪಿವೆ.

ಶಾಲೆಯ ಆ ಒಂದು ಗಂಟೆಯ ತುದಿಯಲ್ಲಿರುವುದು ಪ್ರಮಾಣ. ಅದರ ವ್ಯಾಕರಣವನ್ನೇ ಗಮನಿಸಬೇಕು. ಕರ್ತೃ ‘ನಾನು’, ಕಾಲ ಭವಿಷ್ಯ, ಕ್ರಿಯೆ ನಿಷೇಧ: ಕುಡಿಯುವುದಿಲ್ಲ, ಸೇದುವುದಿಲ್ಲ, ಬಲಿಯಾಗುವುದಿಲ್ಲ. ಚಟ ಎಂಬುದು ಇನ್ನೂ ಬಾರದಿರುವ, ಎಲ್ಲೋ ಹೊರಗಿನಿಂದ ಬರಲಿರುವ ಶತ್ರು ಎಂದು ಈ ವಾಕ್ಯ ನಂಬಿದೆ. ಮೂರನೇ ಸಾಲಿನಲ್ಲಿ ನಿಂತ ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು ನೆನೆಯಿರಿ. ಅವಳ ಪಾಲಿಗೆ ಕುಡಿತ ಭವಿಷ್ಯದ್ದಲ್ಲ, ನಿನ್ನೆ ರಾತ್ರಿಯದು. ಕರ್ತೃ ಅವಳಲ್ಲ, ಅಪ್ಪ. ಅವಳಿಗೆ ಬೇಕಾದದ್ದು ‘ಮಾಡುವುದಿಲ್ಲ’ ಎಂಬ ಮಾತಲ್ಲ, ‘ಯಾರಿಗೆ ಹೇಳಲಿ’ ಎಂಬ ಪ್ರಶ್ನೆಗೆ ಉತ್ತರ. ಇಡೀ ಪ್ರಮಾಣದಲ್ಲಿ ಅವಳು ನಿಲ್ಲಬಹುದಾದ ಒಂದು ಪದವೂ ಇಲ್ಲ. ಕೆಲವು ಭಾಷಣಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಮನೆಗೆ ಹೋಗಿ ಅಪ್ಪನಿಗೆ ಬುದ್ಧಿ ಹೇಳಿ’ ಎನ್ನುತ್ತಾರೆ. ಕುಡಿದು ಬಂದವನೆದುರು ಹದಿಮೂರರ ಮಗುವನ್ನು ನಿಲ್ಲಿಸುವ ಸಲಹೆ ಇದು. ಇದನ್ನು ಕೇಳಿ ಸಭೆ ಚಪ್ಪಾಳೆ ತಟ್ಟುವುದು ನೋವಿನ ಸಂಗತಿ.

‘ನಾನು’ ಎಂಬ ಆ ಕರ್ತೃವಿನ ಹಿಂದೆ ಅಂಗಡಿಯವನೂ ಮರೆಯಾಗುತ್ತಾನೆ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಮಕ್ಕಳಿಗೆ ಮದ್ಯ, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು ಎಂದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂನಲ್ಲಿದೆ. ಹೊಣೆ ದೊಡ್ಡವರದು, ಪ್ರಮಾಣ ಮಾಡುವವರು ಮಕ್ಕಳು.

ಭಾಷಣದಿಂದ ಚಟ ತಡೆಯುವ ಪ್ರಯೋಗಕ್ಕೆ ಜಗತ್ತಿನಲ್ಲಿ ನಲವತ್ತು ವರ್ಷ ದಾಟಿತು. 1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುವ ‘ಡೇರ್’ ಶುರುವಾಗಿ ಅಮೆರಿಕದ ತುಂಬ ಹಬ್ಬಿತು. ಪಾಠ ಕೇಳಿದವರಿಗೂ ಕೇಳದವರಿಗೂ ಮುಂದೆ ಹೆಚ್ಚಿನ ವ್ಯತ್ಯಾಸವೇ ಕಾಣಲಿಲ್ಲ. ಹೆದರಿಸುವುದರಿಂದ, ಬರೀ ಮಾಹಿತಿ ಕೊಡುವುದರಿಂದ ಪ್ರಯೋಜನವಿಲ್ಲವೆಂದು ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ 2018ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲೂ ಇದೆ. ಮತ್ತೆ ಮತ್ತೆ ಕೂತು, ಮಕ್ಕಳನ್ನೇ ಮಾತಾಡಿಸುವ ತರಗತಿಗಳು ಬೇಕು ಎನ್ನುತ್ತದೆ ಅದು.

ಇನ್ನು ಚಾಚಿದ ಆ ಕೈಯನ್ನೇ ಹತ್ತಿರದಿಂದ ನೋಡಬೇಕು. ಕೊಯ್ಲಿನ ಕಾಲದಲ್ಲಿ ಎಷ್ಟೋ ಮಕ್ಕಳ ಬೆರಳ ತುದಿ ಕಪ್ಪಾಗಿರುತ್ತದೆ. ರಾತ್ರಿ ಮನೆಯವರ ಜೊತೆ ಕೂತು ಅಡಿಕೆ ಸುಲಿದ ಕರೆ ಅದು, ಸೋಪಿಗೂ ಬಿಡುವುದಿಲ್ಲ. ಈ ಮೂರು ತಾಲ್ಲೂಕುಗಳ ಮನೆ, ಮದುವೆ, ಶಾಲೆಯ ಫೀಸು ನಡೆಯುವುದೇ ಅಡಿಕೆಯಲ್ಲಿ. ವೇದಿಕೆಯ ಮೇಲೆ ತಂಬಾಕಿನ ಮಾತು ಬರುತ್ತದೆ, ಗಾಂಜಾದ ಮಾತು ಬರುತ್ತದೆ. ಅಡಿಕೆಯ ಮಾತು ಬಂದದ್ದು ಕೇಳಿದವರು ಕಡಿಮೆ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ಸಂಪುಟದಲ್ಲೇ ಪ್ರಕಟಿಸಿದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಎಂದಾಯಿತು, ಅಷ್ಟೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗದಿಂದ ತೋಟವೇ ಕೈಬಿಡುತ್ತಿರುವಾಗ ಬೆಳೆಗಾರನೆದುರು ಈ ಮಾತೆತ್ತುವುದು ಸುಲಭವಲ್ಲ, ನಿಜ. ಆದರೆ ‘ಬೆಳೆಯುವುದು ಹೊಟ್ಟೆಪಾಡು, ಬಾಯಿಗೆ ಹಾಕಿಕೊಳ್ಳಬೇಡ’ ಎಂದು ಮಗುವಿಗೆ ನೇರವಾಗಿ ಹೇಳಬಹುದಲ್ಲ? ಅಷ್ಟನ್ನೂ ಹೇಳದ ಸಂಕಲ್ಪವನ್ನು ಆರೋಗ್ಯ ಶಿಕ್ಷಣ ಎನ್ನಲಾಗದು.

ಈಗ ಮೂಗು ಮುರಿಯುವವರ ಕಡೆಗೆ. ಮದ್ಯವರ್ಜನ ಶಿಬಿರವೆಂದರೆ ಬರೀ ಭಜನೆ, ಅದು ಚಿಕಿತ್ಸೆಯೇ ಅಲ್ಲ ಎನ್ನುವುದು ಅವರ ವಾದ. ಅದರಲ್ಲಿ ಒಂದು ಮಾತು ಒಪ್ಪತಕ್ಕದ್ದು: ವಿಪರೀತ ಕುಡಿಯುವವನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು, ವೈದ್ಯರಿಲ್ಲದೆ ಆಗದು. ಉಳಿದದ್ದು ಊರಿನ ಸ್ಥಿತಿ ಅರಿಯದ ಮಾತು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆಯೆಂದು 2019ರಲ್ಲಿ ಏಮ್ಸ್ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಉಳಿದ 37 ಮಂದಿಯ ಹೆಂಡತಿ-ಮಕ್ಕಳಿಗೆ ಈ ವಿಮರ್ಶಕರು ಯಾವ ಬಾಗಿಲು ತೋರಿಸುತ್ತಾರೆ? ಭಜನೆ ಬೇಡವೆಂದರೆ ಬೇರೇನು ಎಂಬುದನ್ನು ಅವರು ಹೇಳಿಲ್ಲ.

ಅವರ ಕಣ್ಣು ಶಿಬಿರದ ಎಂಟು ದಿನಗಳ ಮೇಲೇ ನೆಟ್ಟಿದೆ. ನಿಜವಾದ ಕೆಲಸ ಶುರುವಾಗುವುದು ಒಂಬತ್ತನೆಯ ದಿನ. ಊರಿಗೆ ಮರಳಿದವರು ನವಜೀವನ ಸಮಿತಿಯಲ್ಲಿ ಕೂಡುತ್ತಾರೆ, ಒಬ್ಬರ ಕ್ಷೇಮ ಇನ್ನೊಬ್ಬರು ವಿಚಾರಿಸುತ್ತಾರೆ. ನೂರು ದಿನ ಕುಡಿಯದೆ ಕಳೆದರೆ ಶತದಿನೋತ್ಸವ. ಜಾರಿದವನನ್ನು ಹುಡುಕಿಕೊಂಡು ಹೋಗಲು ಒಂದು ಗುಂಪು ಇರುವುದೇ ಇಲ್ಲಿನ ಬಲ. ಈ ಕೂಟದ ಫೋಟೊ ಪತ್ರಿಕೆಯಲ್ಲಿ ಬರುವುದು ಅಪರೂಪ. ಹೊಗಳುವವರೂ ಹಳಿಯುವವರೂ ಇದನ್ನು ನೋಡಿಲ್ಲ. ದೊಡ್ಡವರಿಗೆ ಮಾತು ಸಾಲದು, ಜೊತೆ ಬೇಕು ಎಂದು ಬಲ್ಲ ಸಂಸ್ಥೆ ಮಕ್ಕಳಿಗೆ ಮಾತ್ರ ಒಂದು ಗಂಟೆಯ ಮಾತು ಸಾಕೆಂದುಕೊಂಡದ್ದು ಹೇಗೆ?

ಸಂಘಟಕರಲ್ಲೂ ಮೂರು ತಾಲ್ಲೂಕಿನ ಮೇಷ್ಟ್ರುಗಳಲ್ಲೂ ಕೇಳಿಕೊಳ್ಳುವುದಿಷ್ಟು. ಮುಂದಿನ ವರ್ಷ ಪ್ರಮಾಣವನ್ನು ಬಿಡಿ. ಒಂದೇ ತರಗತಿಗೆ ವರ್ಷದಲ್ಲಿ ಎಂಟು ಸಲ ಹೋಗಿ, ಮೈಕ್ ಇಲ್ಲದೆ ಕೂತು, ಮಕ್ಕಳು ಹೇಳುವುದನ್ನು ಕೇಳಿ. ಹೊರಡುವ ಮುನ್ನ ಬೋರ್ಡಿನ ಮೇಲೆ ಎರಡು ನಂಬರು ಬರೆಯಿರಿ: ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಮೂರನೇ ಸಾಲಿನ ಹುಡುಗಿ ಅದನ್ನು ಬರೆದುಕೊಳ್ಳುವವರೆಗೆ ಅಳಿಸಬೇಡಿ.