ಪಂಚಾಯ್ತಿವರೆಗೆ ಬಂದ ಫೈಬರ್

ಅಪ್ಪನಿಗೆ ಆಪರೇಷನ್ ಆಗಿದೆ, ಎರಡು ತಿಂಗಳು ಊರಲ್ಲಿರಬೇಕು. ಊರು ಅಂದ್ರೆ ಮಾನ್ವಿ ತಾಲ್ಲೂಕಿನ ಹಳ್ಳಿ. ‘ಲೈನ್ ಚೆನ್ನಾಗಿದ್ರೆ ಅಲ್ಲಿಂದಲೇ ಕೆಲಸ ಮಾಡು’ ಅಂದ್ರು ಮ್ಯಾನೇಜರ್. ಒಂದು ಕಂಪನಿಯ ಆ್ಯಪ್‌ನಲ್ಲಿ ಪಿನ್‌ಕೋಡ್ ಹಾಕಿದೆ. ‘ಸೇವೆ ಲಭ್ಯ’ ಅಂತ ಹಸಿರು ಟಿಕ್ ಬಂತು, ದುಡ್ಡು ಕಟ್ಟಿದೆ. ನಾಲ್ಕನೇ ದಿನ ಹುಡುಗ ಫೋನ್ ಮಾಡಿದ: ‘ಅಣ್ಣಾ, ನಮ್ಮ ವೈರು ಮಾನ್ವಿ ದಾಟಂಗಿಲ್ಲ.’ ಪಿನ್‌ಕೋಡ್ ಒಂದೇ, ಊರು ಬೇರೆ. ಆ ಆ್ಯಪ್ ಬರೆದವನು ನನ್ನಂಥವನೇ ಇರಬೇಕು, ಬೈಯೋಕೂ ಮನಸ್ಸಾಗಲಿಲ್ಲ.

ನನ್ನ ತಕರಾರು ಈ ಹಸಿರು ಟಿಕ್ ಬಗ್ಗೆಯೇ. ಸರ್ಕಾರದ ಲೆಕ್ಕವೂ ಹೀಗೇ ಇದೆ. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿ, ಮುಂದೆ ಭಾರತ್‌ನೆಟ್ ಅಂತ ಹೆಸರಾದ ಯೋಜನೆಯ ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್. ಪಂಚಾಯ್ತಿಗೆ, ಮನೆಗಲ್ಲ. ದೇವದುರ್ಗದ ಕಡೆ ಹೊಲಗಳ ನಡುವೆ ಚದುರಿದ ದೊಡ್ಡಿಗಳಿವೆ. ಪಂಚಾಯ್ತಿ ಆಫೀಸಿಗೆ ವೈರ್ ಬಂದ ಮಾತ್ರಕ್ಕೆ ಅವರಿಗೇನು ಬಂತು? 2020ರ ಆಗಸ್ಟ್ 15ರಂದು ಪ್ರಧಾನಿ 1000 ದಿನದಲ್ಲಿ 6 ಲಕ್ಷ ಹಳ್ಳಿಗಳಿಗೂ ಫೈಬರ್ ಅಂದ್ರು. ಆ ಸಾವಿರ ದಿನ 2023ರ ಮೇ ತಿಂಗಳಲ್ಲೇ ಮುಗೀತು. ಅದೇ ಆಗಸ್ಟ್‌ನಲ್ಲಿ ಸಂಪುಟ ಮತ್ತೆ 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು.

ಬೆಂಗಳೂರಿನ ಗೆಳೆಯ ಕೇಳ್ತಾನೆ, ‘ಮೊಬೈಲ್ ಇದೆಯಲ್ಲ ಮಾರಾಯ?’ ಇದೆ. ಮಾಳಿಗೆ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಒಂದು ಟವರಿನ ಸ್ಪೀಡನ್ನ ಎಲ್ಲರೂ ಹಂಚ್ಕೋಬೇಕು. ಸಂಜೆ ಊರೆಲ್ಲ ಹೊಲದಿಂದ ಬಂದು ಫೋನ್ ಹಿಡಿದರೆ ನನ್ನ ಅಮೆರಿಕದ ಮೀಟಿಂಗ್ ನಿಂತೇ ಹೋಗತ್ತೆ. ರಾಯಚೂರಲ್ಲಿ ಈ ತಾಪತ್ರಯವಿಲ್ಲ, ಅಲ್ಲಿ ಅಕ್ಕನ ಮನೆಗೆ ಫೈಬರ್ ಇದೆ. ಹೋಗಿ ಇರಬಹುದು. ಆದರೆ ರಾತ್ರಿ ಅಪ್ಪನನ್ನ ಎಬ್ಬಿಸಿ ಕೂರಿಸೋಕೆ ಅವ್ವ ಒಬ್ಬಳಿಂದ ಆಗಲ್ಲ.

ಕೊನೆಗೆ ಟೀವಿ ಕೇಬಲ್‌ನವ ಸಿಕ್ಕ. ‘ಹತ್ತು ಮನಿ ಕೂಡ್ಸಣ್ಣಾ, ಮಾನ್ವಿಯಿಂದ ನಾನೇ ಎಳೀತೀನಿ.’ ತಿಂಗಳಿಗೆ 500. ಮಾಸ್ತರು ಒಪ್ಪಿದ್ರು, ಕಿರಾಣಿ ಅಂಗಡಿಯವರು ಒಪ್ಪಿದ್ರು, ನೀಟ್‌ಗೆ ಓದೋ ಹುಡುಗಿಯ ಮನೆಯವರು ನಾನು ಕೇಳೋಕೆ ಮುಂಚೆಯೇ ಬಂದ್ರು. ‘ಹತ್ತಿ ಮಾರಿದ ಮ್ಯಾಲೆ ನೋಡಮು ತಮ್ಮಾ’ ಅಂದವರು ಇಬ್ಬರು. ಹಳ್ಳಿಯಲ್ಲಿ ಡಿಮ್ಯಾಂಡ್ ಇಲ್ಲ ಅಂತಾರಲ್ಲ, ಅವರಿಗೆ ಇದನ್ನ ಹೇಳಬೇಕು: ಇಲ್ಲಿ ದುಡ್ಡು ಬರೋದು ಬೆಳೆ ಬಂದಾಗ, ಬಿಲ್ಲು ಮಾತ್ರ ತಿಂಗಳಿಗೊಮ್ಮೆ. ವರ್ಷಕ್ಕೆ ಎರಡು ಕಂತು ಮಾಡಿದ್ರೆ ಇಬ್ಬರೂ ಸೇರ್ತಿದ್ರು.

ಏಳು ಮನೆ ಆಗಿವೆ. ಎರಡು ತಿಂಗಳಲ್ಲಿ ಐದು ವಾರ ಕಳೀತು.