ಬೆರಳಿಗೊಂದು ಕೋಟೆ

ಕತ್ತಿವರಸೆ ಕಲಿಯುವವರಲ್ಲಿ ಬೇಗ ಪೆಟ್ಟು ತಿನ್ನುವುದು ಬೆರಳು. ಎದುರಾಳಿಯ ಮುಂದೆ ಚಾಚಿಕೊಂಡಿರುವುದು ಅದೇ ತಾನೆ! ಪುಣೆಯ ಶಿವಜಯಂತಿ ಮೆರವಣಿಗೆಗಳಲ್ಲಿ ಗಿರಗಿರ ತಿರುಗುವ ದಾಂಡಪಟ್ಟವೆಂಬ ಕತ್ತಿಗೆ ಆ ಚಿಂತೆ ಕಡಿಮೆ. ಅದರ ಹಿಡಿಯೇ ಮುಂಗೈಯನ್ನು ನುಂಗುವ ಲೋಹದ ಕವಚ. ಒಳಗಿನ ಅಡ್ಡಹಿಡಿಯನ್ನು ಮುಷ್ಟಿಯಲ್ಲಿ ಬಿಗಿದರೆ ಒಂದು ಬೆರಳೂ ಹೊರಗೆ ಕಾಣದು. ಈ ರಕ್ಷಣೆಗೆ ಬೆಲೆಯೂ ಉಂಟು: ಮಣಿಕಟ್ಟು ಆಡುವುದಿಲ್ಲ. ಬೀಸು ಭುಜದಿಂದ, ಸೊಂಟದಿಂದ, ಹೆಜ್ಜೆಯಿಂದಲೇ ಬರಬೇಕು. ನೋಡುಗರನ್ನು ಬೆರಗಾಗಿಸುವ ಆ ಸುತ್ತಾಟದ ಚೆಲುವು ಹುಟ್ಟುವುದು ಈ ಬಿಗಿತದಿಂದಲೇ. 2024ರಲ್ಲಿ ಮಹಾರಾಷ್ಟ್ರ ದಾಂಡಪಟ್ಟವನ್ನು ರಾಜ್ಯದ ಶಸ್ತ್ರವೆಂದು ಸಾರಿತು. ಜನ ಉದ್ದನೆಯ ಅಲಗನ್ನು ಹೊಗಳುತ್ತಾರೆ. ನನ್ನ ಕಣ್ಣು ಮಾತ್ರ ಆ ಕವಚದ ಮೇಲೆ. ಇನ್ನು ಅಲ್ಲಿನ ಸಮರಕಲೆಯಾದ ಮರ್ದಾನಿ ಖೇಳದ ಕಲಿಕೆಗೆ ಫರಿ-ಗದ್ಕಾ ಇದೆ: ಚರ್ಮ ಹೊದಿಸಿದ ಕೋಲು, ಜೊತೆಗೊಂದು ಪುಟ್ಟ ಗುರಾಣಿ. ಏಟು ಬಿದ್ದರೂ ಮರುದಿನ ತುತ್ತು ಕಲಸಬಹುದು.